ಓದಿಸಿದ ಶಾಲೆಯ ಋಣ

ಬಡವರ ಮನೆಯ ಬುದ್ಧಿವಂತ ಹುಡುಗನ ಓದಿಗೆ ಒತ್ತಾಸೆಯಾಗುವುದು ಒಳ್ಳೆಯ ಕೆಲಸವೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ಓದಿ ಮುಂದೆ ಬಂದವರು ನಿಮ್ಮ ಮನೆತನದ ಹಿರಿಯರಲ್ಲೂ ಒಬ್ಬರಿರಬಹುದು. ಅಂಥವರು ಆ ಅನ್ನದ ಋಣವನ್ನು ಹೇಗೆ ತೀರಿಸಿದರು? ಬಡಿಸಿದ ತಾಯಿಯ ಮುಂದೆ ಹಣ ಇಟ್ಟಿದ್ದರೆ ಆಕೆಗೆ ಅವಮಾನವಾಗುತ್ತಿತ್ತು. ಉದ್ಯೋಗ ಸಿಕ್ಕಿ ಸಂಸಾರ ಹೂಡಿದ ಮೇಲೆ, ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಇನ್ನೊಬ್ಬ ಹುಡುಗನಿಗೆ ಒಂದು ಎಲೆ ಹಾಕಿದರು, ಅಷ್ಟೆ. ಸಾಲ ಕೊಟ್ಟವರು ಒಬ್ಬರು, ತೀರುವೆ ಪಡೆದವನು ಮತ್ತೊಬ್ಬ.

ಈ ವಿಚಿತ್ರ ಲೆಕ್ಕದ ಮೇಲೆಯೇ ಒಂದು ದೊಡ್ಡ ಶಾಲೆ ನಡೆದುಕೊಂಡು ಬಂದಿದೆ ಎಂದರೆ ನಿಮಗೆ ಕುತೂಹಲವಾಗದಿರದು. ಅದು ಇಂಗ್ಲೆಂಡಿನ ಕ್ರೈಸ್ಟ್ಸ್ ಹಾಸ್ಪಿಟಲ್. ಹೆಸರು ಕೇಳಿ ಆಸ್ಪತ್ರೆಯೆಂದು ಭಾವಿಸಬೇಡಿ. ಆಶ್ರಯವಿಲ್ಲದವರಿಗೆ ಆಶ್ರಯ ಕೊಡುವ ಧರ್ಮಸ್ಥಳಕ್ಕೆಲ್ಲ ಆ ಕಾಲದಲ್ಲಿ ಹಾಸ್ಪಿಟಲ್ ಎಂಬ ಮಾತು ಸಲ್ಲುತ್ತಿತ್ತು.

ಎಂಟನೆಯ ಹೆನ್ರಿ ತನ್ನ ರಾಜ್ಯದ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡನಷ್ಟೆ. ಮಠಗಳ ಜೊತೆಗೆ ಅವು ಬಡವರಿಗೆ ಹಾಕುತ್ತಿದ್ದ ಅನ್ನವೂ ಹೋಯಿತು. ಅವನ ಮಗ ಆರನೆಯ ಎಡ್ವರ್ಡನ ಕಾಲಕ್ಕೆ ಲಂಡನ್ನಿನ ಬೀದಿಗಳಲ್ಲಿ ದಿಕ್ಕಿಲ್ಲದವರು ತುಂಬಿಹೋಗಿದ್ದರು. 1552ರಲ್ಲಿ ಬಿಷಪ್ ರಿಡ್ಲೆ ಬಾಲರಾಜನ ಮುಂದೆ ಈ ವಿಷಯವಾಗಿ ಉಪದೇಶ ಮಾಡಿದನು. ರಾಜನ ಮನಸ್ಸು ಕರಗಿತು. ನಗರದ ಮೇಯರನೂ ವರ್ತಕರೂ ಚಂದಾ ಎತ್ತಿದರು. ರೋಗಿಗಳಿಗೆ ಸೇಂಟ್ ಥಾಮಸ್, ಸೋಮಾರಿಗಳಿಗೂ ಅಲೆಮಾರಿಗಳಿಗೂ ಬ್ರೈಡ್‌ವೆಲ್, ಮಕ್ಕಳಿಗೆ ಕ್ರೈಸ್ಟ್ಸ್ ಹಾಸ್ಪಿಟಲ್ ಎಂದು ಮೂರು ಧರ್ಮಸಂಸ್ಥೆಗಳು ಎದ್ದವು. ಮಕ್ಕಳಿಗೆ ಸಿಕ್ಕಿದ್ದು ಗ್ರೇಫ್ರಯರ್ಸ್ ಎಂಬ ಹಳೆಯ ಮಠದ ಕಟ್ಟಡ. ಆ ವರ್ಷದ ನವೆಂಬರಿನಲ್ಲಿ 380 ಮಕ್ಕಳು ಅಲ್ಲಿ ಸೇರಿದರು. 1553ರ ಜೂನ್ 26ರಂದು ರಾಜನು ಸನ್ನದಿಗೆ ಸಹಿ ಹಾಕಿದನು. ಅದಾದ ಹತ್ತು ದಿನಕ್ಕೆ, ಇನ್ನೂ ಹದಿನಾರು ತುಂಬದ ಆ ಹುಡುಗ ತೀರಿಕೊಂಡನು.

ಮಕ್ಕಳಿಗೆ ಉದ್ದನೆಯ ನೀಲಿ ಅಂಗಿ, ಸೊಂಟಕ್ಕೆ ಚರ್ಮದ ಪಟ್ಟಿ, ಕಾಲಿಗೆ ಹಳದಿ ಚೀಲ. ಹಳದಿ ಬಣ್ಣ ಕಂಡರೆ ಇಲಿಗಳು ಹತ್ತಿರ ಬರುವುದಿಲ್ಲವೆಂದು ಆ ಬಣ್ಣ ಆರಿಸಿದರೆಂಬುದೊಂದು ಕಥೆ. ನಂಬುವುದು ಬಿಡುವುದು ನಿಮ್ಮ ಇಷ್ಟ. ಇಂದಿಗೂ ಮಕ್ಕಳು ಹೆಚ್ಚು ಕಡಿಮೆ ಅದೇ ಉಡುಪು ತೊಡುತ್ತಾರೆ. ಇದರಿಂದಲೇ ಆ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಓಲ್ಡ್ ಬ್ಲೂ, ಎಂದರೆ ಹಳೆಯ ನೀಲಿಯವರು ಎಂಬ ಹೆಸರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಷ್ಟು ದೊಡ್ಡ ಪಟ್ಟಣದಲ್ಲಿ ಯಾವ ಮಗುವನ್ನು ಸೇರಿಸಿಕೊಳ್ಳಬೇಕು, ಯಾವ ಮಗುವನ್ನು ಬಿಡಬೇಕು? ಶಾಲೆಗೆ ದೊಡ್ಡ ಮೊತ್ತದ ದಾನ ಕೊಟ್ಟವರನ್ನು ಗವರ್ನರ್ ಎಂದು ಕರೆಯುವ ಪದ್ಧತಿ ಬೆಳೆಯಿತು. ಗವರ್ನರನಾದವನಿಗೆ ಒಂದು ಹಕ್ಕು: ತಾನು ಕಂಡ ಒಂದು ಬಡ ಮಗುವನ್ನು ಶಾಲೆಯ ಮುಂದೆ ತಂದು ನಿಲ್ಲಿಸಿ, ಇದನ್ನು ಸೇರಿಸಿಕೊಳ್ಳಿ ಎಂದು ಹೇಳಬಹುದು. ಹಾಗೆ ಸೇರಿದ ಮಗುವಿಗೆ ಊಟ, ಬಟ್ಟೆ, ಪಾಠ ಎಲ್ಲವೂ ಧರ್ಮಾರ್ಥ. ದಾನಿಗೆ ತನ್ನ ಹಣ ಎಲ್ಲಿ ಹೋಯಿತೆಂಬುದು ಮುಖಕ್ಕೆ ಮುಖ ಕೊಟ್ಟಂತೆ ತಿಳಿಯುತ್ತಿತ್ತು. ದಾನ ಬರುತ್ತಲೇ ಇರಲು ಇದಕ್ಕಿಂತ ಜಾಣತನದ ಏರ್ಪಾಡು ಸಿಕ್ಕುವುದು ಕಷ್ಟ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಯಾವ ಗವರ್ನರನ ಪರಿಚಯವೂ ಇಲ್ಲದ ಮಗುವಿನ ಗತಿಯೇನು?

ಇಂಗ್ಲಿಷ್ ಸಾಹಿತ್ಯ ಓದಿದವರಿಗೆಲ್ಲ ಗೊತ್ತಿರುವ ಇಬ್ಬರು ಹುಡುಗರ ಉದಾಹರಣೆ ತೆಗೆದುಕೊಳ್ಳಿ. ಇಬ್ಬರೂ 1782ರಲ್ಲಿ ಆ ಬಾಗಿಲು ದಾಟಿದವರು. ಒಬ್ಬನು ಸ್ಯಾಮ್ಯುಯಲ್ ಟೇಲರ್ ಕೋಲ್‌ರಿಜ್. ಡೆವನ್ ಪ್ರಾಂತದಲ್ಲಿ ಪಾದ್ರಿಯೂ ಉಪಾಧ್ಯಾಯನೂ ಆಗಿದ್ದ ಅವನ ತಂದೆ ಹಿಂದಿನ ವರ್ಷ ಹಠಾತ್ತಾಗಿ ತೀರಿಕೊಂಡಿದ್ದನು. ಮನೆಯ ತುಂಬ ಮಕ್ಕಳು; ಇವನೇ ಕಡೆಯವನು. ತಂದೆಯ ಕೈಕೆಳಗೆ ಓದಿ ನ್ಯಾಯಾಧೀಶನಾಗಿದ್ದ ಬುಲ್ಲರ್ ಎಂಬ ಶಿಷ್ಯನು ಪ್ರಯತ್ನಪಟ್ಟು ಗುರುವಿನ ಮಗನಿಗೆ ಸ್ಥಳ ಕೊಡಿಸಿದನು. ಎರಡನೆಯವನು ಚಾರ್ಲ್ಸ್ ಲ್ಯಾಂಬ್. ಅವನ ತಂದೆ ಲಂಡನ್ನಿನಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತನಾಗಿಯೂ ಆಳಾಗಿಯೂ ದುಡಿಯುತ್ತಿದ್ದವನು. ಯಜಮಾನನ ಪ್ರಭಾವದಿಂದ ಏಳು ವರ್ಷದ ಮಗನಿಗೆ ನೀಲಿ ಅಂಗಿ ಸಿಕ್ಕಿತು. ಒಬ್ಬನ ತಂದೆಗೆ ಒಳ್ಳೆಯ ಶಿಷ್ಯನಿದ್ದ. ಇನ್ನೊಬ್ಬನ ತಂದೆಗೆ ಒಳ್ಳೆಯ ಧಣಿಯಿದ್ದ. ಇವೆರಡೂ ಇಲ್ಲದ ಮಕ್ಕಳಲ್ಲಿ ಮೂರನೆಯ ಕವಿಯೊಬ್ಬನು ಇದ್ದನೋ ಏನೋ, ಚರಿತ್ರೆಗೆ ಅವನ ಪರಿಚಯವಿಲ್ಲ.

ಲ್ಯಾಂಬನನ್ನು ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಪಾಠ ಹೇಳಿದ್ದಾರೆ. ಕನ್ನಡದ ಲಲಿತಪ್ರಬಂಧಗಳನ್ನು ಓದಿ ನಕ್ಕವರಿಗೆ ಅವನ ಗಾಳಿ ಸ್ವಲ್ಪವಾದರೂ ಸೋಂಕಿರುತ್ತದೆ. ಶಾಲೆಯ ವಿಷಯವಾಗಿ ಅವನು ಎರಡು ಪ್ರಬಂಧ ಬರೆದನು. 1813ರಲ್ಲಿ ಬಂದದ್ದು ಪೂರ ಕೃತಜ್ಞತೆಯ ಮಾತು. 1820ರಲ್ಲಿ ಬಂದ ಎರಡನೆಯದರಲ್ಲಿ ತಾನೇ ಇನ್ನೊಬ್ಬನ ವೇಷ ಹಾಕಿ, ಮೊದಲು ಬರೆದದ್ದನ್ನೇ ಆಕ್ಷೇಪಿಸುತ್ತಾನೆ: ಆ ಲ್ಯಾಂಬನಿಗೇನು, ಅವನ ಮನೆ ಊರಲ್ಲೇ ಇತ್ತು, ಊರು ಬಿಟ್ಟು ಬಂದು ಯಾರೂ ಇಲ್ಲದ ನನ್ನಂಥವನ ಪಾಡು ಬೇರೆ ಎಂದು. ಆ ‘ನಾನು’ ಬಹುಮಟ್ಟಿಗೆ ಕೋಲ್‌ರಿಜನೇ. ಶಾಲೆಯ ಊಟ ತೀರ ಕಳಪೆ. ಲ್ಯಾಂಬನ ಮುದಿ ಅತ್ತೆ ಮನೆಯಿಂದ ಬಿಸಿ ಅಡುಗೆ ಹೊತ್ತು ತಂದು ಮೂಲೆಯೊಂದರಲ್ಲಿ ಕುಳಿತು ಬಿಚ್ಚುತ್ತಿದ್ದಳು. ಹುಡುಗನಿಗೆ ಅತ್ತೆಯ ಮೇಲೆ ಪ್ರೀತಿ, ತಂದ ತಿಂಡಿಯ ಮೇಲೆ ಆಸೆ, ಸುತ್ತ ನಿಂತು ನೋಡುವ ಹಸಿದ ಹುಡುಗರ ಮುಂದೆ ನಾಚಿಕೆ. ಧರ್ಮದ ಅನ್ನ ಉಂಡು ಬೆಳೆದವರ ಮನಸ್ಸಿನ ಒಳಗುದಿಯನ್ನು ಇಷ್ಟು ಹಗುರವಾದ ಕೈಯಿಂದ ಹೇಳಿದವರು ವಿರಳ.

ಚೆನ್ನಾಗಿ ಓದಿದ ಕೆಲವೇ ಹುಡುಗರನ್ನು ಶಾಲೆ ತನ್ನ ಖರ್ಚಿನಿಂದಲೇ ವಿಶ್ವವಿದ್ಯಾನಿಲಯಕ್ಕೆ ಕಳುಹಿಸುತ್ತಿತ್ತು. ಅವರನ್ನು ಗ್ರೀಷಿಯನ್ನರೆಂದು ಕರೆಯುತ್ತಿದ್ದರು. ಕೋಲ್‌ರಿಜನಿಗೆ ಆ ಭಾಗ್ಯ ಬಂದು 1791ರಲ್ಲಿ ಅವನು ಕೇಂಬ್ರಿಜ್ ಸೇರಿದನು. ಹಾಗೆ ಹೋದವರು ಪಾದ್ರಿಗಳಾಗಬೇಕೆಂಬುದು ಅಂದಿನ ನಿರೀಕ್ಷೆ. ತೊದಲು ಮಾತಿನ ಲ್ಯಾಂಬ್ ಪೀಠದ ಮೇಲೆ ನಿಂತು ಉಪದೇಶ ಮಾಡಬಲ್ಲನೆ? ಹದಿನಾಲ್ಕು ವರ್ಷಕ್ಕೇ ಶಾಲೆ ಬಿಟ್ಟನು. 1792ರಿಂದ ಮೂವತ್ತಮೂರು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಲೆಕ್ಕ ಬರೆದನು. ನಮ್ಮ ದೇಶದಿಂದ ಹೋದ ಸರಕಿನ ಲೆಕ್ಕ. ಅವರಿಬ್ಬರ ಹಿರಿಯ ಸಹಪಾಠಿ ಮಿಡ್ಲ್‌ಟನ್ 1814ರಲ್ಲಿ ಕಲ್ಕತ್ತೆಯ ಮೊದಲನೆಯ ಬಿಷಪ್ಪನಾಗಿ ಬಂದನು.

ಶಿಫಾರಸಿನ ಬಾಗಿಲಿನ ದೋಷ ಕ್ರಮೇಣ ಎದ್ದು ಕಂಡಿತು. ಅನುಕೂಲಸ್ಥರ ಮಕ್ಕಳೂ ನುಸುಳುತ್ತಿದ್ದಾರೆಂಬ ಕೂಗು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲೇ ಕೇಳಿಬಂತು. ಕಡೆಗೆ 1890ರ ಸುಮಾರಿಗೆ ಸರ್ಕಾರದ ಧರ್ಮಾದಾಯ ಕಮಿಷನರುಗಳು ಹೊಸ ನಿಬಂಧನೆಗಳನ್ನು ತಂದರು. ಗವರ್ನರುಗಳ ಹಕ್ಕು ಪೂರ್ತಿ ಹೋಗಲಿಲ್ಲ; ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಸಾಧಾರಣ ಶಾಲೆಗಳ ಮಕ್ಕಳು ಪರೀಕ್ಷೆ ಕಟ್ಟಿ ಸ್ಪರ್ಧೆಯಲ್ಲಿ ಗೆದ್ದು ಬರಬಹುದಾಯಿತು. 1902ರಲ್ಲಿ ಶಾಲೆಯೇ ಲಂಡನ್ನಿನ ಹೊಗೆಯಿಂದ ಸಸೆಕ್ಸಿನ ಹಾರ್ಶಮ್ ಬಳಿಯ ಬಯಲಿಗೆ ಸ್ಥಳಾಂತರವಾಯಿತು. ಹರ್ಟ್‌ಫರ್ಡಿನಲ್ಲಿ ಉಳಿದಿದ್ದ ಹೆಣ್ಣುಮಕ್ಕಳ ಶಾಲೆ 1985ರಲ್ಲಿ ಅಲ್ಲಿಗೇ ಬಂದು ಕೂಡಿಕೊಂಡಿತು.

ಇಲ್ಲಿಯ ಒಂದು ಸಂಪ್ರದಾಯವನ್ನು ನೀವು ತಿಳಿಯಬೇಕು. ಓದು ಮುಗಿಸಿ ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಬೈಬಲಿನ ಒಂದು ಪ್ರತಿಯನ್ನು ಕೊಡುತ್ತಾರೆ. ಆಗ ಎಲ್ಲರೂ ಕೇಳುವಂತೆ ಒಂದು ಆಣತಿಯನ್ನು ಓದುತ್ತಾರೆ. ಅದರ ತಾತ್ಪರ್ಯ ಇಷ್ಟು: ಇಲ್ಲಿ ಪಡೆದ ಉಪಕಾರವನ್ನು ಮರೆಯಬೇಡ; ನಿನ್ನ ಶಕ್ತ್ಯನುಸಾರ ಇತರರಿಗೂ ಅದೇ ಅನುಕೂಲ ಒದಗುವಂತೆ ಮುಂದೆ ನಿನ್ನಿಂದಾದದ್ದನ್ನು ಮಾಡು; ಎಲ್ಲಿ ಹೋದರೂ ಈ ಶಾಲೆಯ ಒಳ್ಳೆಯ ಹೆಸರು ನಿನ್ನ ಜೊತೆಗಿರುತ್ತದೆಂಬುದು ನೆನಪಿರಲಿ. ಕಾಗದವಿಲ್ಲ, ಪತ್ರವಿಲ್ಲ, ಮೊತ್ತವಿಲ್ಲ, ಗಡುವಿಲ್ಲ. ಇದನ್ನು ಯಾವ ನ್ಯಾಯಾಲಯದಲ್ಲೂ ವಸೂಲು ಮಾಡಲಾಗದು. ಗಮನಿಸತಕ್ಕ ಮಾತು ಇನ್ನೊಂದಿದೆ: ಶಾಲೆಗೆ ಹಿಂದಿರುಗಿಸು ಎಂದು ಅದು ಹೇಳುವುದಿಲ್ಲ, ಇತರರಿಗೆ ದೊರಕಿಸು ಎಂದು ಹೇಳುತ್ತದೆ.

ಹೊಸ ಬಾಗಿಲಿನಿಂದ ಬಂದವರಲ್ಲಿ ಬಾರ್ನ್ಸ್ ವಾಲಿಸ್ ಒಬ್ಬರು. ಹುಟ್ಟಿದ್ದು 1887ರಲ್ಲಿ. ತಂದೆ ಲಂಡನ್ನಿನ ಸಾಧಾರಣ ಬಡಾವಣೆಯಲ್ಲಿ ವೈದ್ಯ. ಪೋಲಿಯೊ ಬಡಿದು ಅಂಗವಿಕಲನಾಗಿ ಸಂಪಾದನೆ ಕುಂದಿತ್ತು. 1900ರಲ್ಲಿ ಹುಡುಗ ಪರೀಕ್ಷೆಯಲ್ಲಿ ಗೆದ್ದು ಕ್ರೈಸ್ಟ್ಸ್ ಹಾಸ್ಪಿಟಲಿನಲ್ಲಿ ಸ್ಥಳ ಪಡೆದನು. ಎರಡು ವರ್ಷದ ತರುವಾಯ ಹಾರ್ಶಮಿನ ಹೊಸ ಕಟ್ಟಡಕ್ಕೆ ಕಾಲಿಟ್ಟವರಲ್ಲಿ ಅವನೂ ಒಬ್ಬ. 1904ರಲ್ಲಿ ಶಾಲೆ ಬಿಟ್ಟು ಎಂಜಿನಿಯರಿಂಗ್ ಕಾರ್ಖಾನೆಯೊಂದರಲ್ಲಿ ಉಮೇದುವಾರನಾಗಿ ಸೇರಿದನು. ಕೆಲಸ ಮಾಡುತ್ತಲೇ ಖಾಸಗಿಯಾಗಿ ಓದಿ ಲಂಡನ್ ವಿಶ್ವವಿದ್ಯಾನಿಲಯದ ಪದವಿ ಪಡೆದದ್ದು 1922ರಲ್ಲಿ, ಮೂವತ್ತು ದಾಟಿದ ಮೇಲೆ. ವಿಕರ್ಸ್ ಕಂಪನಿಯಲ್ಲಿ ಆರ್-100 ಎಂಬ ಆಕಾಶನೌಕೆಯನ್ನೂ, ಆಮೇಲೆ ವೆಲಿಂಗ್ಟನ್ ಬಾಂಬರ್ ವಿಮಾನದ ಚೌಕಟ್ಟನ್ನೂ ರೂಪಿಸಿದರು.

ಎರಡನೆಯ ಮಹಾಯುದ್ಧದಲ್ಲಿ ವಾಲಿಸರ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಜರ್ಮನಿಯ ರೂರ್ ಕಣಿವೆಯ ಕಾರ್ಖಾನೆಗಳಿಗೆ ನೀರು ಕೊಡುವ ಅಣೆಕಟ್ಟುಗಳನ್ನು ಒಡೆಯಬೇಕು. ಮಾಮೂಲು ಬಾಂಬಿನಿಂದ ಅದಾಗದು. ನೀರಿನೊಳಗೆ ಟಾರ್ಪಿಡೊ ತಡೆಯುವ ಬಲೆಗಳಿವೆ. ನಮ್ಮ ಹುಡುಗರು ಕೆರೆಯ ಏರಿಯ ಮೇಲೆ ನಿಂತು ಚಪ್ಪಟೆ ಕಲ್ಲು ಬೀಸಿ ನೀರಿನ ಮೇಲೆ ಕುಪ್ಪಳಿಸುವಂತೆ ಮಾಡುತ್ತಾರಲ್ಲ, ಅದೇ ತತ್ತ್ವ. ಬಾಂಬು ನೀರಿನ ಮೇಲೆ ಕುಪ್ಪಳಿಸುತ್ತ ಬಲೆ ದಾಟಿ, ಗೋಡೆಗೆ ಬಡಿದು, ಅದರ ಬುಡಕ್ಕೆ ಮುಳುಗಿ ಸಿಡಿಯಬೇಕು. ಮೊದಲ ಪ್ರಯೋಗ ನಡೆದದ್ದು ವಾಲಿಸರ ಮನೆಯ ಹಿಂದಿನ ತೋಟದಲ್ಲಿ, ನೀರು ತುಂಬಿದ ತೊಟ್ಟಿಯ ಮೇಲೆ ಮಕ್ಕಳ ಗೋಲಿ ಹಾರಿಸಿ.

1943ರ ಮೇ 16ರ ರಾತ್ರಿ ಹತ್ತೊಂಬತ್ತು ಲ್ಯಾಂಕಾಸ್ಟರ್ ವಿಮಾನಗಳಲ್ಲಿ 133 ಮಂದಿ ಹೊರಟರು. ಎರಡು ಅಣೆಕಟ್ಟುಗಳು ಒಡೆದವು. ಎಂಟು ವಿಮಾನಗಳು ಹಿಂತಿರುಗಲಿಲ್ಲ. ಐವತ್ತಮೂರು ಮಂದಿ ಸತ್ತರು, ಮೂವರು ಸೆರೆಸಿಕ್ಕಿದರು. ಕಣಿವೆಯಲ್ಲಿ ಪ್ರವಾಹಕ್ಕೆ ಸಿಕ್ಕಿ ಸತ್ತವರು ಸಾವಿರಕ್ಕೂ ಮಿಕ್ಕವರು; ಅವರಲ್ಲಿ ಬಹಳ ಮಂದಿ ಜರ್ಮನರಲ್ಲ, ಪೂರ್ವದ ದೇಶಗಳಿಂದ ಹಿಡಿದು ತಂದು ಬಲವಂತವಾಗಿ ದುಡಿಸುತ್ತಿದ್ದ ಕೂಲಿಗಳು. ಈ ದಾಳಿಯ ಮೇಲೆ 1955ರಲ್ಲಿ ಬಂದ ಚಲನಚಿತ್ರವನ್ನು ನೋಡಿದವರು ನಿಮ್ಮಲ್ಲಿರಬಹುದು. ಅದರಲ್ಲಿ ಆ ಕೂಲಿಗಳ ಸುದ್ದಿಯಿಲ್ಲ. ವಿಮಾನಗಳು ಹಿಂತಿರುಗುವ ಹೊತ್ತಿನಲ್ಲಿ ವಾಲಿಸರು ವಾಯುಪಡೆಯವರ ಜೊತೆಗೇ ಕಾದಿದ್ದರು. ಹುಡುಗರ ಲೆಕ್ಕ ಸಿಕ್ಕಾಗ ಅವರ ಉತ್ಸಾಹವೆಲ್ಲ ಅಡಗಿಹೋಯಿತು. ತಾನು ಬರೆದ ಒಂದು ನಕ್ಷೆಗಾಗಿ ಆ ಯುವಕರು ಸತ್ತರೆಂಬ ಭಾವನೆ ಅವರನ್ನು ಆಮೇಲೆ ಬಿಡಲೇ ಇಲ್ಲ.

ಯುದ್ಧಾನಂತರ ಸರ್ಕಾರ, ಯುದ್ಧಕಾಲದಲ್ಲಿ ಹೊಸ ಸಾಧನಗಳನ್ನು ಕಂಡುಹಿಡಿದವರಿಗೆ ಬಹುಮಾನ ಕೊಡಲು ಒಂದು ಆಯೋಗವನ್ನು ನೇಮಿಸಿತು. 1951ರಲ್ಲಿ ಅದು ವಾಲಿಸರಿಗೆ 10,000 ಪೌಂಡು ನೀಡಿತು. ಆ ಕಾಲದ ನಮ್ಮ ಹಣದಲ್ಲಿ ಒಂದು ಲಕ್ಷ ಮೂವತ್ತಮೂರು ಸಾವಿರ ರೂಪಾಯಿಗೂ ಮೇಲು. ವಾಲಿಸರು ಆಯೋಗದ ಮುಂದೆ ಬೈಬಲಿನ ಒಂದು ಕಥೆಯನ್ನು ನೆನಪಿಸಿದರು. ದಾವೀದ ರಾಜನು ಯುದ್ಧಭೂಮಿಯಲ್ಲಿ ಬಾಯಾರಿ ಬೆತ್ಲೆಹೇಮಿನ ಬಾವಿಯ ನೀರು ಬೇಕೆಂದನು. ಮೂವರು ಶೂರರು ಶತ್ರುಸೈನ್ಯವನ್ನು ಭೇದಿಸಿ ಆ ನೀರನ್ನು ತಂದರು. ಇದು ನೀರಲ್ಲ, ಪ್ರಾಣವನ್ನೊಡ್ಡಿದವರ ರಕ್ತವೆಂದು ರಾಜನು ಕುಡಿಯದೆ ದೇವರ ಮುಂದೆ ಸುರಿದುಬಿಟ್ಟನು. ವಾಲಿಸರೂ ಆ ಹಣವನ್ನು ಮುಟ್ಟಲಿಲ್ಲ. ತಾವು ಓದಿದ ಶಾಲೆಗೆ ಕೊಟ್ಟುಬಿಟ್ಟರು. ಸೇವೆಯಲ್ಲಿದ್ದಾಗ ಸತ್ತ ಅಥವಾ ಅಂಗಹೀನರಾದ ವಾಯುಪಡೆಯವರ ಮಕ್ಕಳು ಅಲ್ಲಿ ಓದುವುದಕ್ಕೆಂದು ಆ ಹಣದಿಂದ ಒಂದು ನಿಧಿಯಾಯಿತು. ಅಂಥ ಮಕ್ಕಳನ್ನು ಆರ್.ಎ.ಎಫ್. ಫೌಂಡೇಷನರ್ ಎಂದು ಕರೆಯುತ್ತಾರೆ.

ಅಷ್ಟಕ್ಕೆ ವಾಲಿಸರು ಕೈತೊಳೆದುಕೊಳ್ಳಲಿಲ್ಲ. 1957ರಿಂದ 1970ರವರೆಗೆ ಶಾಲೆಯ ಖಜಾಂಚಿಯಾಗಿದ್ದರು. ಅಲ್ಲಿ ಖಜಾಂಚಿಯೆಂದರೆ ಆಡಳಿತ ಮಂಡಲಿಗೇ ಯಜಮಾನ. ಎಪ್ಪತ್ತು, ಎಂಬತ್ತು ವರ್ಷದ ಮುದುಕರು, ತಾವು ಹನ್ನೆರಡನೆಯ ವಯಸ್ಸಿನಲ್ಲಿ ಪರೀಕ್ಷೆ ಕಟ್ಟಿ ಸೇರಿದ ಶಾಲೆಯ ಜಮಾಖರ್ಚನ್ನು ಕುಳಿತು ನೋಡಿದರು. 1968ರಲ್ಲಿ ಸರ್ ಪದವಿ ಬಂತು. 1979ರಲ್ಲಿ ತಮ್ಮ ತೊಂಬತ್ತೆರಡನೆಯ ವರ್ಷದಲ್ಲಿ ತೀರಿಕೊಂಡರು.

ಒಬ್ಬ ವಾಲಿಸರಿಂದ ಶಾಲೆ ನಡೆಯುವುದಿಲ್ಲ ಎನ್ನುವಿರಿ, ನಿಜ. ಇಂಥ ನಿಧಿಗಳ ಲೆಕ್ಕಾಚಾರ ಮೇಲೆ ಕಂಡಷ್ಟು ಸುಲಭವಲ್ಲ. ಮೂಲಧನವನ್ನು ಮುಟ್ಟದೆ ಅದರ ಉತ್ಪತ್ತಿಯಿಂದ ಮಕ್ಕಳನ್ನು ಓದಿಸಬೇಕು. ಬೆಲೆಗಳೋ ಏರುತ್ತಲೇ ಇರುತ್ತವೆ. ನೂರು ವರ್ಷದ ಹಿಂದೆ ಒಬ್ಬ ಹುಡುಗನ ಸಮಸ್ತ ಖರ್ಚಿಗೂ ಸಾಕಾಗುತ್ತಿದ್ದ ದತ್ತಿಯ ಉತ್ಪತ್ತಿ ಇಂದು ಅವನ ಜೋಡುಗಳಿಗೂ ಸಾಲದು. ಆದ್ದರಿಂದ ಪ್ರತಿಯೊಂದು ತಲೆಮಾರೂ ಮತ್ತೆ ಕೊಡಬೇಕು. ಹಿಂದಿನವರು ಕೊಟ್ಟರಲ್ಲ ಎಂದು ಸುಮ್ಮನಿರುವಂತಿಲ್ಲ. ಕ್ರೈಸ್ಟ್ಸ್ ಹಾಸ್ಪಿಟಲಿನ ಹಳೆಯ ಆಸ್ತಿಪಾಸ್ತಿ ದೊಡ್ಡದು. ಆದರೂ ಅದು ಇತ್ತೀಚಿನ ದಶಕಗಳಲ್ಲಿ ಪೂರ್ಣ ಶುಲ್ಕ ಕೊಡಬಲ್ಲವರ ಮಕ್ಕಳನ್ನೂ ಸೇರಿಸಿಕೊಳ್ಳಬೇಕಾಗಿ ಬಂದಿದೆ.

ಬೇರೆ ಶಾಲೆಗಳು ಈ ಪಾಠವನ್ನು ತಡವಾಗಿ ಕಲಿತವು. ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲ್ 1515ರಲ್ಲಿ ಬಿಷಪ್ ಓಲ್ಡಮ್ ಕಟ್ಟಿದ್ದು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಇಂಥ ಶಾಲೆಗಳಿಗೆ ಸರ್ಕಾರವೇ ನೇರವಾಗಿ ಹಣ ಕೊಡುತ್ತಿತ್ತು. ಅದಕ್ಕೆ ಪ್ರತಿಯಾಗಿ ಕನಿಷ್ಠ ಕಾಲುಭಾಗ ಸ್ಥಳಗಳನ್ನು ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಉಚಿತವಾಗಿ ಬಿಡಬೇಕಾಗಿತ್ತು. 1975ರಲ್ಲಿ ಆ ವ್ಯವಸ್ಥೆಯನ್ನು ಕೈಬಿಡಲು ಸರ್ಕಾರ ನಿರ್ಧರಿಸಿತು. 1980ರಲ್ಲಿ ಬೇರೊಂದು ಸರ್ಕಾರ ಬೇರೊಂದು ಹೆಸರಿನಲ್ಲಿ ನೆರವು ಕೊಟ್ಟಿತು. 1997ರಲ್ಲಿ ಅದೂ ನಿಂತಿತು. ಸರ್ಕಾರ ಬದಲಾದಂತೆಲ್ಲ ಬಡ ಹುಡುಗನ ಸ್ಥಳ ಓಲಾಡಿತು. ಆಮೇಲೆ ಶಾಲೆಗಳು ತಮ್ಮ ಹಳೆಯ ವಿದ್ಯಾರ್ಥಿಗಳ ವಿಳಾಸ ಹುಡುಕಿ ಪತ್ರ ಬರೆದವು. ಸರ್ಕಾರದ ಖರ್ಚಿನಲ್ಲಿ ಓದಿದ್ದ ಎಷ್ಟೋ ಮಂದಿಗೆ ತಾವು ಇನ್ನೊಬ್ಬರ ಹಣದಿಂದ ಓದಿದೆವೆಂಬುದೇ ಅಷ್ಟಾಗಿ ಹೊಳೆದಿರಲಾರದು. ತೆರಿಗೆಯ ಹಣಕ್ಕೆ ಮುಖವಿಲ್ಲವಷ್ಟೆ. ಮುಖವಿಲ್ಲದ ಸಾಲವನ್ನು ಮರೆಯುವುದು ಸುಲಭ.

ಇದಕ್ಕೆಲ್ಲ ಆಕ್ಷೇಪಣೆಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಜಾಣ ಮಕ್ಕಳನ್ನು ಒಬ್ಬೊಬ್ಬರಾಗಿ ಆರಿಸಿ ಶ್ರೀಮಂತರ ಶಾಲೆಗೆ ಕರೆದೊಯ್ದರೆ, ಅವರು ಬಿಟ್ಟುಬಂದ ಊರ ಶಾಲೆಗೆ ಏನು ಲಾಭ ಎಂದು ಕೇಳುವವರಿದ್ದಾರೆ. ಶುಲ್ಕದ ಮೇಲೆ 2025ರ ಜನವರಿಯಿಂದ ಅಲ್ಲಿಯ ಸರ್ಕಾರ ಶೇಕಡಾ 20ರಂತೆ ತೆರಿಗೆ ಹಾಕಿದ್ದರ ಹಿಂದೆಯೂ ಈ ವಾದವಿದೆ. ನನಗೆ ಆ ಪ್ರಶ್ನೆ ನ್ಯಾಯವಾದದ್ದೆಂದೇ ತೋರುತ್ತದೆ. ನೂರು ಮಕ್ಕಳಿಗೆ ಶುಲ್ಕ ಹೊರಿಸಿ ಐದು ಮಕ್ಕಳಿಗೆ ವೇತನ ಕೊಡುವ ಶಾಲೆ ಅದಕ್ಕೆ ಉತ್ತರ ಕೊಡುವುದು ಕಷ್ಟ. ಕ್ರೈಸ್ಟ್ಸ್ ಹಾಸ್ಪಿಟಲಿನ ಮಾತು ಸ್ವಲ್ಪ ಬೇರೆ. ಅಲ್ಲಿ ಶುಲ್ಕದಲ್ಲಿ ನೆರವು ಪಡೆಯುವ ಮಕ್ಕಳೇ ಬಹುಪಾಲು. ಮನೆಯ ವರಮಾನ ನೋಡಿ ಎಷ್ಟು ಕೊಡಬೇಕೆಂಬುದನ್ನು ಗೊತ್ತುಮಾಡುತ್ತಾರೆ.

ಗವರ್ನರನ ಹಳೆಯ ಹಕ್ಕು ಇಂದಿಗೂ ಉಳಿದಿದೆ, ಆದರೆ ಅದರ ಹಲ್ಲು ಕಿತ್ತಿದ್ದಾರೆ. ಗೊತ್ತಾದ ಮೊತ್ತವನ್ನು ಕೊಟ್ಟ ದಾನಿ, ನೆರವಿನ ಅಗತ್ಯವಿರುವ ಒಂದು ಮಗುವಿನ ಹೆಸರು ಸೂಚಿಸಬಹುದು. ಮಗು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆಯ ಲೆಕ್ಕಪತ್ರ ತೋರಿಸಬೇಕು. ಕೋಲ್‌ರಿಜ್ ಬಂದ ಬಾಗಿಲು, ವಾಲಿಸ್ ಬಂದ ಬಾಗಿಲು ಎರಡನ್ನೂ ಹೀಗೆ ಒಂದೇ ಚೌಕಟ್ಟಿಗೆ ಕೂಡಿಸಿದ್ದಾರೆ. ಗವರ್ನರುಗಳಲ್ಲಿ ಓಲ್ಡ್ ಬ್ಲೂಗಳೂ ಇದ್ದಾರೆ. ಒಂದು ಕಾಲಕ್ಕೆ ತಾವೇ ಮತ್ತೊಬ್ಬರ ಕೈಹಿಡಿದು ಬಂದವರು.

ಹಾರ್ಶಮಿಗೆ ಹೋದವರು ಮಧ್ಯಾಹ್ನದ ಹೊತ್ತಿನಲ್ಲಿ ಒಂದು ನೋಟವನ್ನು ಕಾಣಬಹುದು. ಶಾಲೆಯ ಬ್ಯಾಂಡು ಬಾರಿಸುತ್ತದೆ. ಮಕ್ಕಳೆಲ್ಲ ಸಾಲುಗಟ್ಟಿ ಹೆಜ್ಜೆ ಹಾಕುತ್ತ ಊಟದ ಮನೆಗೆ ನಡೆಯುತ್ತಾರೆ. ಉಡುಪು ಶಾಲೆಯೇ ಕೊಟ್ಟದ್ದು, ಎಲ್ಲರಿಗೂ ಪುಕ್ಕಟೆಯಾಗಿ: ಅದೇ ನೀಲಿ ಅಂಗಿ, ಅದೇ ಹಳದಿ ಕಾಲುಚೀಲ. ಯಾವ ಮಗುವಿನ ತಂದೆ ಪೂರ್ತಿ ಶುಲ್ಕ ಕಟ್ಟಿದ್ದಾನೆ, ಯಾವುದು ಕಾಸಿಲ್ಲದೆ ಬಂದದ್ದು, ಯಾವುದು ವಾಲಿಸರ ನಿಧಿಯ ಮಗು ಎಂಬುದು ನೋಡುವವರಿಗೆ ಗೊತ್ತಾಗುವುದಿಲ್ಲ.